ಭಾವನವರ ಹೆಸರಿದ್ದ ಕಥೆ

ಅವತ್ತು ಅಂಗಳ ಸಾರಿಸಿದೆ, ಬಾವಿಯಿಂದ ನೀರು ಸೇದಿ ತಂದೆ, ಜೋಳ ಹಸನು ಮಾಡಿದೆ. ಮಧ್ಯಾಹ್ನದ ಪಾತ್ರೆ ತೊಳೆದು, ದೀಪದ ಬತ್ತಿ ಹೊಸೆದಿಟ್ಟು, ರಾಟಿಯ ಮುಂದೆ ಕೂತೆ. ಬೆಟಗೇರಿಯ ನಮ್ಮ ಮನೆಯಲ್ಲಿ ಪಡಸಾಲೆಗೆ ಭಾವನವರ ಮಗ್ಗ, ನಡುಮನೆಗೆ ನಮ್ಮ ರಾಟಿ. ಲಾಳಿಯೊಳಗೆ ಕೂಡುವ ಸಣ್ಣ ಕಂಡಿಕೆಗಳಿಗೆ ನೂಲು ಸುತ್ತಿ ಕೊಡುವುದು ಹೆಂಗಸರ ಪಾಲಿನ ಕೆಲಸ. ನಾನು ಕಿರಿ ಸೊಸೆ. ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ಕನ್ನಡ ನಾಡೆಲ್ಲ ಒಂದಾಗಬೇಕೆಂದು ಗದಗಿನ ಪೇಟೆಯಲ್ಲಿ ಮೆರವಣಿಗೆ ಹೊರಡುತ್ತಿದ್ದ ಕಾಲ. ಅದೇ ಗಾಳಿಯಲ್ಲಿ ನಮ್ಮ ಓಣಿಗೊಂದು ಮಹಿಳಾ ಮಂಡಳವೂ ಬಂತು. ನಡೆಸುತ್ತಿದ್ದವರು ಗದಗಿನ ಒಬ್ಬ ಶಿಕ್ಷಕಿ. ಹೊಲಿಗೆ ಕಲಿಸುತ್ತಿದ್ದರು, ಜೊತೆಗೆ ಹೆಂಗಸರು ಬರೆದದ್ದನ್ನು ಹೆಂಗಸರೇ ಓದಿ ಹೇಳಬೇಕೆಂಬುದು ಅವರ ಹಟ. ಒಬ್ಬ ಲೇಖಕಿಯ ಕಾದಂಬರಿ ತಿಂಗಳು ತಿಂಗಳು ಬರುತ್ತಿದ್ದ ಪತ್ರಿಕೆಯನ್ನು ನಮ್ಮ ಮನೆಯ ಹಿರಿ ಸೊಸೆಗೆ ಕೊಟ್ಟು, "ರವಿವಾರ ಮಂಡಳದಾಗ ನೀವ ಓದ್ರಿ" ಅಂದಿದ್ದರು. ಓಣಿಯ ಸೊಸೆಯರಲ್ಲಿ ಓದು ಬರುತ್ತಿದ್ದುದು ಅವಳೊಬ್ಬಳಿಗೇ. ಭಾವನವರ ಹೆಂಡತಿಯಾದ ಅವಳನ್ನು ನಾನು ಅಕ್ಕ ಅನ್ನುತ್ತಿದ್ದೆ. ಅವತ್ತಿನಿಂದ ಅಕ್ಕ ನೆಲದ ಮೇಲೆ ನಡೆದದ್ದು ನಾನು ಕಾಣೆ.

ಅತ್ತೆ ಮಾತ್ರ, "ಮೊದ್ಲ ನನ್ನ ಮುಂದ ಓದು. ಕೇಳಿದ ಮ್ಯಾಲ ಹೋಗೂದೋ ಬಿಡೂದೋ ಹೇಳ್ತೀನಿ" ಅಂದರು.

ನಾನು ರಾಟಿಗೆ ಕೂತ ಆ ಮಧ್ಯಾಹ್ನ ಅಕ್ಕ ಓದು ಚೆಂದಾಗಿ ಶುರು ಮಾಡಿ ತಟಕ್ಕನೆ ನಿಂತಳು. ಮುಂದೆಲ್ಲ "ಅವರು, ಅವರು" ಎಂದೇ ಓದತೊಡಗಿದಳು. ಕಥೆಯಲ್ಲಿ ಮಾವನೂ ಅವರು, ಗಂಡನೂ ಅವರು.

"ತಡಿಯವಾ," ಅಂದರು ಅತ್ತೆ. "ಹೆಂಡ್ತಿ ಪುಸ್ತಕ ಕಸಗೊಂಡಾಂವ ಯಾವಾಂವ? ಮಾವನೇನು?"

"ಅಲ್ಲರಿ ಅತ್ತಿ, ಅವರು."

"ಯಾವ ಅವರು?"

ಅಕ್ಕ ಮಗ್ಗದ ಕಡೆ ಗದ್ದದಿಂದಲೇ ತೋರಿಸಿದಳು. "ಇವರು."

"ನನ್ನ ಮಗನ? ಯಾವಾಗ ಕಸಗೊಂಡ? ನನಗ ಯಾಕ ಹೇಳಲಿಲ್ಲ?"

ಗುಟ್ಟು ಹೊಳೆದು, ನಗು ತಡೆಯಲು ನಾನು ಸೆರಗು ಬಾಯಿಗೆ ಒತ್ತಿಕೊಂಡೆ. "ಕಥಿಯೊಳಗಿನ ಗಂಡಗ ಭಾವನವರದ ಹೆಸರು ಐತ್ರಿ ಅತ್ತಿ." ಗಂಡನ ಹೆಸರು ಅಕ್ಕ ಹೇಳುವಂತಿಲ್ಲ, ಭಾವನ ಹೆಸರು ನಾನು ಹೇಳುವಂತಿಲ್ಲ. ಇಲ್ಲಿ ಬರೆಯುವುದಕ್ಕೂ ಕೈ ಬರುತ್ತಿಲ್ಲ, ಬಿಡಿ.

"ಹಂಗಾರ ಮುಚ್ಚಿಡು," ಅಂದರು ಅತ್ತೆ. "ಮಂದ್ಯಾಗ ಹೋಗಿ ನಗಿಗೀಡಾಗೂದು ಬ್ಯಾಡ."

ಅಕ್ಕ ಪತ್ರಿಕೆ ಮಡಚಿಟ್ಟು ರಾಟಿಗೆ ಕೂತಳು. ಎಂದೂ ತಪ್ಪದ ಅವಳ ಕೈ ಒಂದೇ ಕಂಡಿಕೆಗೆ ಸುತ್ತುತ್ತಲೇ ಹೋಗಿ, ಅದು ಲಾಳಿಯಲ್ಲಿ ಕೂಡದಷ್ಟು ದಪ್ಪಗಾಯಿತು. ಅತ್ತೆ ಅದನ್ನು ನೋಡಿದರು. ಬೈಯಲಿಲ್ಲ. ಶೇಂಗಾ ಸುಲಿಯುತ್ತ, "ಕಥ್ಯಾಗಿನ ಆ ಹುಡುಗಿಗಿ ಪುಸ್ತಕ ತಿರುಗಿ ಸಿಕ್ತೋ ಇಲ್ಲೋ?" ಎಂದು ಕೇಳಿದರು.

"ಓದಿದರ ಗೊತ್ತಾಗ್ತೈತ್ರಿ."

"ಓದು ಹಂಗಾರ. ಹೆಸರು ಬಂದಲ್ಲಿ ನಿಲ್ಲು. ಹಡದಾಕಿ ಅದೀನಿ, ನಾ ಹೇಳ್ತೀನಿ."

ಅಕ್ಕ ಓದಿ ನಿಲ್ಲುವುದು, ಅತ್ತೆ ಹೆಸರು ಹೇಳುವುದು. ಮೊದಮೊದಲು ತೊಟ್ಟಿಲ ಮಗುವನ್ನು ಕರೆದ ಹಾಗೆ ಹೇಳಿದರು. ಕಥೆಯ ಗಂಡ ಒರಟಾದಂತೆ ಅವರ ದನಿಯೂ ಒರಟಾಯಿತು. ಅವನು ಪುಸ್ತಕವನ್ನು ಒಲೆಗೆ ಹಾಕಿದಾಗ ಆ ಹೆಸರನ್ನು ಓಣಿಗೆ ಕೇಳುವಂತೆ ಕೂಗಿದರು.

ಮಗ್ಗ ನಿಂತಿತು. "ಏನಬೇ ಯವ್ವಾ?" ಎಂದು ಭಾವನವರು ಲಾಳಿ ಹಿಡಿದುಕೊಂಡೇ ಬಾಗಿಲಿಗೆ ಬಂದರು.

"ಹೆಂಡ್ತಿ ಓದೂ ಪುಸ್ತಕ ಒಲಿಗಿ ಹಾಕ್ತಾರೇನೋ?"

"ನಾ ಯಾವಾಗ ಹಾಕಿದೆ?"

"ಹಾಕಿಲ್ಲ. ಹಾಕಬ್ಯಾಡ. ಹೋಗು, ನೇಯಿ."

"ಕಂಡಿಕಿ ಕೊಡ್ರಿ ಮತ್ತ," ಅಂದರು ಅವರು, ಪಾಪ.

ಆ ತಿಂಗಳ ಕಂತು ಅಲ್ಲಿಗೇ ಮುಗಿದಿತ್ತು. ಅಕ್ಕ ಪತ್ರಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

"ರವಿವಾರ ನಾನೂ ಬರ್ತೀನಿ," ಅಂದರು ಅತ್ತೆ. "ಹೆಸರು ಹೇಳಾಕ ಯಾರರ ಬೇಕಲ್ಲ."

ಕಾದಂಬರಿ ಮುಗಿಯುವತನಕ ಅತ್ತೆ ಮಂಡಳ ತಪ್ಪಿಸಲಿಲ್ಲ. ಅಕ್ಕನಿಂದ ಆ ರಾಟಿಯ ಪಕ್ಕದಲ್ಲೇ ನಾನು ಅಕ್ಷರ ಕಲಿತೆ.

ಆ ಮೊದಲ ಓದಿನ ದಿನ ರಾತ್ರಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ ಉಂಡೆವು. ಮೊದಲು ನಿದ್ದೆ ಹೋದವರು ಭಾವನವರು. ಅತ್ತೆ ಹಾಸಿಗೆಯ ಮೇಲೆ ಕೂತು, ಆ ಹುಡುಗಿಗೆ ಬೇರೆ ಪುಸ್ತಕ ಯಾರು ಕೊಟ್ಟಾರು ಎಂದು ಅಕ್ಕನನ್ನು ಕೇಳುತ್ತಲೇ ಇದ್ದರು.