ಸೊಂಟಕ್ಕೆ ಬಿಗಿದ ಬಲೆ

ಬೆಳಿಗ್ಗೆ ಆರು ಇಪ್ಪತ್ತು. ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ತಮ್ಮ ಕೂಗಿದ: "ಅಕ್ಕಾ, ಹೊಂಡದಾಗ ಕರಡಿ ಬಿದ್ದೈತಿ!"

ಕೂಡ್ಲಿಗಿಯ ಹೊರಗೆ, ಹೊಲದಲ್ಲೇ ನಮ್ಮ ಮನೆ. ಹಿತ್ತಲಿನಾಚೆ ಕೃಷಿ ಹೊಂಡ. ನೀರು ಇಂಗದಿರಲೆಂದು ಒಳಗೆಲ್ಲ ಪ್ಲಾಸ್ಟಿಕ್ ಹಾಳೆ ಹಾಸಿದೆ. ನೀರಿಗೆ ಇಳಿದ ಕರಡಿ ಎರಡು ಹೆಜ್ಜೆ ಹತ್ತುವುದು, ಜಾರುವುದು. ಜಾರಿದಾಗಲೆಲ್ಲ ಮೂತಿಯಷ್ಟೇ ಮೇಲೆ ಕಾಣುತ್ತಿತ್ತು. ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಹೊರಟಿದ್ದೇವೆ, ನೀವು ಹತ್ತಿರ ಹೋಗಬೇಡಿ ಎಂದರು. ಅವ್ವ ಕೊಟ್ಟೂರಿಗೆ ಹೋಗಿದ್ದಳು. ತಡೆಯುವವರು ಯಾರೂ ಇರಲಿಲ್ಲ.

"ಅವರು ಬರೂದ್ರಾಗ ಮುಳುಗಿ ಸಾಯ್ತೈತಿ," ಎಂದ ತಮ್ಮ, ಕುರಿ ಕೂಡಿಹಾಕುವ ಬಲೆ ಹೊತ್ತು ತಂದ. ಅದನ್ನು ಇಳಿಬಿಟ್ಟರೆ ಕರಡಿ ಹಿಡಿದು ಹತ್ತುತ್ತದೆ ಎಂದುಕೊಂಡಿದ್ದ. ಬಲೆ ನಿಲ್ಲಿಸಲು ದಡದಲ್ಲಿ ಗೂಟ ಬಡಿಯಹೋದ.

"ಗೂಟ ಬ್ಯಾಡಲೇ, ಹಾಳಿ ತೂತಾಗ್ತೈತಿ!" ಎಂದವಳು ನಾನು. ಬಿ.ಎಸ್ಸಿ. ಓದಿದವಳು. ಆ ಹಾಳೆಯ ಸಬ್ಸಿಡಿಗಾಗಿ ವರ್ಷವೆಲ್ಲ ಕೃಷಿ ಕಚೇರಿಗೆ ಅಲೆದವಳು.

"ನಿನ್ನ ಹಾಳಿಗೆ ಊದಿನಕಡ್ಡಿ ಹಚ್ಚು," ಎಂದು ನಕ್ಕ. ಕಟ್ಟಲು ಹತ್ತಿರ ಮರವಿರಲಿಲ್ಲ. ಬಲೆಯ ಹಗ್ಗವನ್ನು ತನ್ನ ಸೊಂಟಕ್ಕೇ ಬಿಗಿದು, ದಡದಲ್ಲಿ ಕಾಲೂರಿ ಕೂತ.

ಕರಡಿ ಬಲೆ ಹಿಡಿಯಿತು. ಅಷ್ಟು ಬೇಗ ಹತ್ತುತ್ತದೆಂದು ನಾವು ಎಣಿಸಿರಲಿಲ್ಲ. ಅದರ ಭಾರಕ್ಕೆ ಗಂಟು ಕಚ್ಚಿಕೊಂಡಿತು.

"ಅಕ್ಕಾ, ಗಂಟು ಬಿಚ್ಚು!"

ಹತ್ತು ಹೆಜ್ಜೆ ದೂರ. ನನ್ನ ಕಾಲು ಏಳಲಿಲ್ಲ. ಈಗಲೂ ದಿನಕ್ಕೆ ಹಲವು ಸಲ ಆ ಹತ್ತು ಹೆಜ್ಜೆ ನಡೆಯುತ್ತೇನೆ. ಕರಡಿ ಅವನನ್ನು ಕೆಡವಿ, ಹೆಗಲು ಸೀಳಿ, ಮೈಮೇಲೆ ಹಾದು ಗುಡ್ಡದ ಕಡೆ ಓಡಿತು.

ಆಸ್ಪತ್ರೆಗೆ ಅವ್ವ ಅಳುತ್ತಾ ಬಂದಳು. ತಮ್ಮ ಅವಳಿಗೆ ಹೇಳಿದ: "ಅಕ್ಕ ಓಡಿ ಬಂದು ಎಳದ್ಲಬೇ. ಇಲ್ಲಾಂದ್ರ ಕುತ್ತಿಗಿಗೇ ಬಾಯಿ ಹಾಕ್ತಿತ್ತು."

ನೋಡಲು ಬಂದವರಿಗೆಲ್ಲ ಅವ್ವ, "ನನ್ನ ಮಗಳು ಹುಲಿ ಅದಾಳ ನೋಡ್ರಿ," ಎನ್ನುತ್ತಿದ್ದಳು. ನಾನು ಟೀ ತರುವ ನೆಪದಲ್ಲಿ ಹೊರಗೆ ಹೋಗುತ್ತಿದ್ದೆ. ರಾತ್ರಿ ಕಣ್ಣು ಮುಚ್ಚಿದರೆ ಅವನ ಕೂಗು.

ಹೊಲಿಗೆ ಬಿಚ್ಚಿದ ದಿನ ಮನೆಗೆ ಬಂದೆವು. ತಮ್ಮನ ತೋಳು ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ. ಅವ್ವ ಅವನಿಗೆ ತುತ್ತು ಕೊಡುತ್ತಾ ಮತ್ತೆ ನನ್ನನ್ನು ಹೊಗಳಿದಳು.

"ಗೂಟ ಬ್ಯಾಡ ಅಂದಾಕಿ ನಾನಬೇ. ಕರದ್ರೂ ಹೋಗ್ಲಿಲ್ಲ. ನಿಂತು ನೋಡಿದೆ."

"ಹೇಳಬ್ಯಾಡ ಅಂದಿದ್ನಲ್ಲ, ಹುಚ್ಚಿ," ಎಂದ ತಮ್ಮ.

ಅವ್ವ ಉಳಿದ ತುತ್ತನ್ನು ಅವನಿಗೆ ಉಣಿಸಿ ತಟ್ಟೆ ತೊಳೆದಳು.

ಅಂದು ನಾನು ಬೆಳಗಿನವರೆಗೂ ಒಂದೇ ನಿದ್ದೆ ಮಾಡಿದೆ. ಎದ್ದಾಗ ಪಕ್ಕದಲ್ಲಿ ಅವ್ವನ ಹಾಸಿಗೆಯ ಸುರುಳಿ ಬಿಚ್ಚಿರಲೇ ಇಲ್ಲ.