ನಾಯಿ ಸಾಯುವುದಿಲ್ಲ

ಶನಿವಾರ ಬೆಳಿಗ್ಗೆ ನಾನು ಅಡುಗೆಮನೆ ಮೇಜಿನ ಮುಂದೆ ಕೂತು ಹುರುಳಿಕಾಯಿ ನಾರು ತೆಗೆಯುತ್ತೇನೆ. ಎದುರಿಗೆ ನನ್ನ ಮೊಮ್ಮಗಳು ಫೋನ್ ಹಿಡಿದು ಜಪಾನಿ ಸಿನಿಮಾ ಸುದ್ದಿ ಓದುತ್ತಾಳೆ. ಯಾವ ಸಿನಿಮಾ ಬರುತ್ತಿದೆ, ಯಾವುದು ಮುಂದಕ್ಕೆ ಹೋಯಿತು, ಯಾವ ನಟ ಯಾವ ಪಾತ್ರಕ್ಕೆ ತಲೆ ಬೋಳಿಸಿಕೊಂಡ, ಎಲ್ಲ. ಟೆಕ್ಸಾಸಿನ ಬೇರೆ ಬೇರೆ ಊರಿನ ಹೈಸ್ಕೂಲು ಮಕ್ಕಳು ಸೇರಿ ಮಾಡಿಕೊಂಡ ಜಪಾನಿ ಸಿನಿಮಾ ಕ್ಲಬ್ಬಿನಲ್ಲಿ ಅವಳೂ ಇದ್ದಾಳೆ. ಅದಕ್ಕೆ ಪ್ರತಿ ವಾರ ಇವಳು ಬರೆಯಬೇಕು. ಬರೆಯುವ ಮೊದಲು ನನ್ನ ಕಿವಿಗೆ ಹಾಕುತ್ತಾಳೆ. ಮನೆಯಲ್ಲಿ ಬೇರೆ ಯಾರಿಗೂ ಪುರುಸೊತ್ತಿಲ್ಲ. ನನ್ನ ಮಗಳು, ಅಂದರೆ ಅವಳ ಅಮ್ಮ, ನಾವಿರುವ ಲಿಯಾಂಡರಿನಿಂದ ಆಸ್ಟಿನ್ ನಗರದ ಡೊಮೇನ್ ಬಡಾವಣೆಯ ಆಫೀಸಿಗೆ ಹೋಗಿ ಬಂದು ಸುಸ್ತಾಗಿರುತ್ತಾಳೆ. ಅಳಿಯನಿಗೆ ಕ್ರಿಕೆಟ್ ಸಾಕು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಜಪಾನ್ ಭೂಪಟದಲ್ಲಿ ಎಲ್ಲಿದೆ ಅಂತ ತೋರಿಸು ಅಂದರೆ ಆಗುವುದಿಲ್ಲ. ಆದರೆ ಯಾರ ನಟನೆ ನಿಜ, ಯಾರದು ಸುಳ್ಳು ಅಂತ ಮುಖ ನೋಡಿ ಹೇಳುವುದಕ್ಕೆ ಭೂಪಟ ಯಾಕೆ ಬೇಕು? ಅಲ್ಲಿಯವರ ಹೆಸರು ನನ್ನ ನಾಲಿಗೆಗೆ ಹತ್ತುವುದಿಲ್ಲ. ಹಾಗಾಗಿ ನಾನೇ ಹೆಸರಿಟ್ಟುಕೊಂಡಿದ್ದೇನೆ. ಕಣ್ಣಿನ ಮೇಲೆ ಕೂದಲು ಬಿಟ್ಟುಕೊಂಡವನು ಜುಟ್ಟಿನ ಹುಡುಗ. ಮೊಮ್ಮಗಳ ಕೋಣೆ ಗೋಡೆ ತುಂಬ ಅವನೇ. ಮುದುಕರ ಪಾತ್ರ ಮಾಡುವವನು ಹುಳಿಮುಖದ ಮಾವ. ಒಬ್ಬಳು ನಟಿ ಹೊಸ ಸಿನಿಮಾಕ್ಕಾಗಿ ಇಡೀ ಚಳಿಗಾಲ ಶ್ಯಾವಿಗೆ ಅಂಗಡಿಯಲ್ಲಿ ಕೆಲಸ ಕಲಿತಳಂತೆ. ಟ್ರೇಲರ್ ನೋಡಿದೆ.

"ಕಲಿತಿಲ್ಲ ಕಣೆ ಇವಳು," ಅಂದೆ.

"ಅಜ್ಜಿ, ಇಂಟರ್‌ವ್ಯೂನಲ್ಲಿ ಹೇಳಿದಾಳೆ."

"ಹಿಟ್ಟು ನಾದೋವಾಗ ಭುಜ ಅಲ್ಲಾಡಲೇ ಇಲ್ಲ. ಬರೀ ಬೆರಳು ಆಡಿಸ್ತಾಳೆ, ಹಾರ್ಮೋನಿಯಂ ನುಡಿಸೋ ಹಾಗೆ. ಬರ್ಕೋ."

ಬರೆದುಕೊಂಡಳು. ಆ ವಾರ ಎಲ್ಲರೂ ಅದನ್ನೇ ಮೆಚ್ಚಿದರಂತೆ.

ಈ ಸಲ ಅವಳ ಜೀವವೆಲ್ಲ ಒಂದು ಸಿನಿಮಾದ ಮೇಲಿತ್ತು. ಹುಳಿಮುಖದ ಮಾವನದೇ. ಸಮುದ್ರದ ಪಕ್ಕದ ಊರಲ್ಲಿ ದುಡ್ಡು ಕೊಟ್ಟು ಸ್ನಾನ ಮಾಡುವ ಮನೆ ನಡೆಸುವ ಮುದುಕ, ಅವನದೊಂದು ಮುದಿ ನಾಯಿ. ಇನ್ನು ಮುಂದೆ ನಟಿಸುವುದಿಲ್ಲ, ಇದೇ ಕೊನೆ ಅಂತ ಆ ನಟ ಹೇಳಿದ್ದನಂತೆ. ಟೆಕ್ಸಾಸಿನಲ್ಲಿ ಇಂಥ ಸಿನಿಮಾ ತಾನಾಗಿ ಬರುವುದಿಲ್ಲ. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಮೂರೂ ಕಡೆಯ ಕ್ಲಬ್ಬಿನ ಮಕ್ಕಳು ಸೇರಿ ಥಿಯೇಟರಿನವರನ್ನು ಕೇಳಿದ್ದರು. ಆಸ್ಟಿನ್ನಿನವರು ಆಗುವುದಿಲ್ಲ ಅಂದರು. ಡಲ್ಲಾಸಿನವರು ಒಪ್ಪಿ, ಟಿಕೆಟ್ ಹೋಗದೆ ಕೈಬಿಟ್ಟರು. ಉಳಿದದ್ದು ಹ್ಯೂಸ್ಟನ್. ಅಲ್ಲಿಯವರು ಒಂದು ಭಾನುವಾರ ಮಧ್ಯಾಹ್ನ ಕೊಟ್ಟರು. ಗುರುವಾರದೊಳಗೆ ಅರ್ಧ ಸೀಟು ತುಂಬಬೇಕು, ಇಲ್ಲದಿದ್ದರೆ ಆಟ ಇಲ್ಲ. ಆಟ ನಡೆದರೆ ಪರದೆಯ ಮುಂದೆ ನಿಂತು ಆ ನಟನ ಬಗ್ಗೆ ಮಾತಾಡುವವಳು ನನ್ನ ಮೊಮ್ಮಗಳು. ಕನ್ನಡಿ ಮುಂದೆ ಅಭ್ಯಾಸ ನಡೆದಿತ್ತು.

ಆ ಮಾತಿಗಾಗಿ ಕ್ಲಬ್ಬಿನ ಪರವಾಗಿ ಅವಳೊಬ್ಬಳಿಗೆ ಸಿನಿಮಾ ಮೊದಲೇ ಕಳಿಸಿದ್ದರು. ಸೋಫಾದಲ್ಲಿ ಇಬ್ಬರೂ ಕೂತು ನೋಡಿದೆವು. ಕೆಳಗೆ ಬರುವ ಇಂಗ್ಲಿಷನ್ನು ಅವಳು ತನ್ನ ಮುರುಕು ಕನ್ನಡದಲ್ಲಿ ನನಗೆ ಹೇಳುತ್ತಿದ್ದಳು. ಮುಗಿದ ಮೇಲೆ, "ಅಜ್ಜಿ, ಎಂಡಿಂಗ್ ಯಾರಿಗೂ ಹೇಳಬಾರದು. ಪ್ರಾಮಿಸ್ ಮಾಡಿದೀವಿ," ಅಂದಳು. ನಾನು ಹೂಂ ಅಂದೆ. ಅವಳ ಕ್ಲಬ್ಬಿನ ಮಕ್ಕಳಿಗೆ ಹೇಳಬಾರದು ಅಂತ ತಿಳಿದುಕೊಂಡೆ. ಅವರ ಜೊತೆ ನಾನು ಮಾತಾಡುವುದೂ ಇಲ್ಲ.

ನಮ್ಮ ಕಾಲದ ಪದ್ಧತಿ ಇಲ್ಲಿ ಹೇಳಬೇಕು. ಮೈಸೂರಲ್ಲಿ ನಮ್ಮ ಬೀದಿಯ ಹೆಂಗಸರು ಟಾಕೀಸಿಗೆ ಹೋಗುವ ಮೊದಲು, ಅದನ್ನು ನೋಡಿ ಬಂದವರ ಮನೆಗೆ ಹೋಗಿ ಕೇಳುತ್ತಿದ್ದೆವು. "ಕೊನೆಗೆ ಏನಾಗತ್ತೆ? ಯಾರು ಸಾಯ್ತಾರೆ?" ಅಂತ. ಮನೆಗೆಲಸ ಮುಗಿಸಿ, ಅತ್ತೆಯ ಮುಖ ನೋಡಿ ಒಪ್ಪಿಗೆ ತೆಗೆದುಕೊಂಡು, ಕೂಸನ್ನು ಸೊಂಟಕ್ಕೇರಿಸಿ ಬಿಸಿಲಲ್ಲಿ ಸಾಲು ನಿಂತು ಒಳಗೆ ಹೋಗುವುದು. ಒಳಗೆ ಕಾದಿರುವುದು ಸಾವೋ ಮದುವೆಯೋ ಗೊತ್ತಿರಬೇಡವೇ? ಕೇಳಿದರೂ ಹೇಳದವಳನ್ನು ಹೊಟ್ಟೆಕಿಚ್ಚಿನವಳು ಅನ್ನುತ್ತಿದ್ದರು.

ಸೋಮವಾರ ನಮ್ಮ ಬೀಗಿತ್ತಿ ಫೋನ್ ಮಾಡಿದಳು. ಅಳಿಯನ ತಾಯಿ, ಧಾರವಾಡದವಳು. ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಲ್ಲಿ ದೊಡ್ಡ ಮಗನ ಮನೆಯಲ್ಲಿರುತ್ತಾಳೆ. ಅಲ್ಲಿಯ ಭಜನೆ ಗುಂಪಿಗೆ ಅವಳೇ ಯಜಮಾನಿ. ಅವಳು ಎದ್ದರೆ ಎಲ್ಲರೂ ಏಳುತ್ತಾರೆ.

"ಅಕ್ಕಾರ, ಮೊಮ್ಮಗಳು ಟಿಕೆಟ್ ತಗೋರಿ ಟಿಕೆಟ್ ತಗೋರಿ ಅಂತ ಬೆನ್ನು ಹತ್ಯಾಳ. ನಮ್ಮ ಮಂದಿ ಯಾರೂ ಒಲ್ಲೆ ಅಂತಾರ."

"ಯಾಕಂತೆ?"

"ಆ ಪೋಸ್ಟರಿನ್ಯಾಗ ನಾಯಿ ಅದ ಅಲ್ರಿ. ಮುದಿ ನಾಯಿ. ಸಾಯ್ತದೇನ್ರಿ ಅದು? ಅಳಾಕ ಅಂತ ಭಾನುವಾರ ಯಾರು ಕಾರ್ ತಗೀತಾರ?"

"ನಾಯಿ ಸಾಯಲ್ಲ ಕಣ್ರೀ. ಕೊನೇವರೆಗೂ ಬಾಲ ಅಲ್ಲಾಡಿಸ್ಕೊಂಡೇ ಇರತ್ತೆ."

"ಮತ್ತ ಮುದುಕ?"

"ಅವನೂ ಸಾಯಲ್ಲ. ಸ್ನಾನದ ಮನೆ ಮುಚ್ಚತಾನೆ ಅಷ್ಟೆ. ಮಾತು ಬಿಟ್ಟಿದ್ದ ತಮ್ಮ ಕೊನೇ ದಿನ ಬರ್ತಾನೆ. ಇವನು ಏನೂ ಮಾತಾಡದೆ ಅವನ ಬೆನ್ನು ಉಜ್ಜತಾನೆ. ಅಲ್ಲಿಗೆ ಮುಗೀತು."

"ಛಲೋ ಆತು," ಅಂದು ಫೋನ್ ಇಟ್ಟಳು. ಇಟ್ಟವಳು ಸುಮ್ಮನಿರಲಿಲ್ಲ. ನಾಯಿ ಸಾಯುವುದಿಲ್ಲ, ತಮ್ಮ ಬರುತ್ತಾನೆ, ಅಣ್ಣ ಬೆನ್ನು ಉಜ್ಜುತ್ತಾನೆ, ಹೆದರಬೇಡಿ ಅಂತ ವಾಟ್ಸಾಪಿನಲ್ಲಿ ಬಾಯಲ್ಲೇ ಹೇಳಿ ಗುಂಪಿಗೆಲ್ಲ ಕಳಿಸಿದಳು. ಅದು ಊರೆಲ್ಲ ಸುತ್ತಿ ಸಂಜೆಯೊಳಗೆ ಡೊಮೇನಿನಲ್ಲಿದ್ದ ನನ್ನ ಮಗಳ ಫೋನಿಗೂ ಬಂತು. ಅವಳು ನಗುತ್ತಾ ಮನೆಗೆ ಬಂದು ಅದನ್ನು ಮೊಮ್ಮಗಳಿಗೆ ಕೇಳಿಸಿದಳು. ಮೊಮ್ಮಗಳು ನಗಲಿಲ್ಲ.

"ಅಜ್ಜಿ, ಯು ಪ್ರಾಮಿಸ್ಡ್. ಈಗ ಯಾರು ಬರ್ತಾರೆ? ಎಲ್ಲಾ ಗೊತ್ತಾದ್ಮೇಲೆ ವೈ ವುಡ್ ದೇ ಕಮ್?"

"ಹರಿಕಥೆಗೆ ಹೋಗೋರು ಕಥೆ ಗೊತ್ತಿಲ್ದೆ ಹೋಗ್ತಾರೇನೆ?"

"ದಟ್ಸ್ ನಾಟ್ ದ ಸೇಮ್."

"ಅಮ್ಮ, ನೀನು ಸ್ವಲ್ಪ ಸುಮ್ನಿರು," ಅಂದಳು ಮಗಳು. ಅಡುಗೆಮನೆಯಲ್ಲಿ ನನಗೆ ಹಾಗೆ ಹೇಳುವ ಧೈರ್ಯ ಅವಳಿಗೆ ಅಪರೂಪ.

ಮೊಮ್ಮಗಳು ಡಲ್ಲಾಸಿನಲ್ಲಿರುವ ಕ್ಲಬ್ಬಿನ ಮುಖ್ಯಸ್ಥೆಗೆ ತಾನೇ ಫೋನ್ ಮಾಡಿ ನಡೆದದ್ದು ಹೇಳಿದಳು. ಆ ಹುಡುಗಿ ಗುರುವಾರದವರೆಗೆ ನೋಡೋಣ ಅಂದಳಂತೆ. ಆಮೇಲೆ ಮನೆಯಲ್ಲಿ ಕನ್ನಡಿ ಮುಂದಿನ ಅಭ್ಯಾಸ ನಿಂತಿತು. ನನಗೆ ಸುದ್ದಿ ಓದುವುದೂ ನಿಂತಿತು. ಊಟಕ್ಕೆ ಬಂದು ತಟ್ಟೆ ನೋಡಿಕೊಂಡು ತಿಂದು ಹೋಗುತ್ತಿದ್ದಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲು ಆಗುತ್ತದೆಯೇ? ಅವಳಿಗೆ ಇಷ್ಟ ಅಂತ ಅಕ್ಕಿ ರೊಟ್ಟಿ ತಟ್ಟಿದೆ. ತಿಂದಳು, ತಟ್ಟೆ ತೊಳೆದಿಟ್ಟು ಕೋಣೆಗೆ ಹೋದಳು.

ಗುರುವಾರ ಸಂಜೆ ಅವಳು ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು ಥಿಯೇಟರಿನ ಸೀಟುಗಳ ಚಿತ್ರ ತೆಗೆದಳು. ಹೋದ ಸೀಟುಗಳಿಗೆ ಬೂದಿ ಬಣ್ಣ. ಹಿಂದಿನ ಸಾಲುಗಳು ಪೂರ್ತಿ ಬೂದಿಯಾಗಿದ್ದವು. ನಡುವಿನವೂ ಅಷ್ಟೆ. ಕೊನೆಯಿಂದ ಕೊನೆಗೆ, ಒಂದೂ ಖಾಲಿ ಬಿಡದೆ. ಈ ದೇಶದವರು ಹೀಗೆ ಒತ್ತೊತ್ತಾಗಿ ಕೂರುವುದಿಲ್ಲ. ನಡುವೆ ಒಂದು ಸೀಟು ಬಿಟ್ಟು ಕೂರುತ್ತಾರೆ.

"ಇದು ಭಜನೆಯವರೇ," ಅಂದೆ.

ಮೊಮ್ಮಗಳು ನನ್ನ ಕಡೆ ನೋಡಲಿಲ್ಲ. ಎದ್ದು ಹೋಗಿ ಕನ್ನಡಿ ಮುಂದೆ ನಿಂತಳು.

ಭಾನುವಾರ ಬೆಳಿಗ್ಗೆಯೇ ಹೊರಟೆವು. ಥಿಯೇಟರಿನ ಬಾಗಿಲಲ್ಲಿ ಮದುವೆಮನೆ ಹಾಗಿತ್ತು. ರೇಷ್ಮೆ ಸೀರೆ, ಮಲ್ಲಿಗೆ, ಬ್ಯಾಗಿನೊಳಗೆ ಕೋಡುಬಳೆ. ಮುಂದಿನ ಸಾಲುಗಳಲ್ಲಿ ಕ್ಲಬ್ಬಿನ ಮಕ್ಕಳು ಮತ್ತು ಜಪಾನಿನವರು ಕೆಲವರು ಶಬ್ದವಿಲ್ಲದೆ ಕೂತಿದ್ದರು. ಮೊಮ್ಮಗಳು ಪರದೆ ಮುಂದೆ ನಿಂತು ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಮಾತಾಡಿದಳು. ಮುಗಿಸುವಷ್ಟರಲ್ಲಿ ಹಿಂದಿನಿಂದ ಒಬ್ಬ ಆಂಟಿ ಕೂಗಿದಳು.

"ಪುಟ್ಟಿ, ನಾಯಿ ಸಾಯಲ್ಲ ತಾನೆ? ಇನ್ನೊಂದ್ಸಲ ಹೇಳ್ಬಿಡಮ್ಮ."

ಕ್ಲಬ್ಬಿನ ಮಕ್ಕಳೆಲ್ಲ ತಿರುಗಿದರು. ಮೊಮ್ಮಗಳು, ಆ ಆಂಟಿ ಕೇಳಿದ್ದು ನಾಯಿಯ ವಿಷಯ ಅಂತ ಎಲ್ಲರಿಗೂ ಇಂಗ್ಲಿಷಿನಲ್ಲಿ ತಿಳಿಸಿದಳು. "ಅದನ್ನ ನಾನು ಹೇಳೋ ಹಾಗಿಲ್ಲ. ಅಲ್ಲಿ ಕೂತಿದಾರಲ್ಲ ನಮ್ಮಜ್ಜಿ, ಅವರನ್ನ ಕೇಳಿ," ಅಂದಳು. ಅದನ್ನೂ ಇಂಗ್ಲಿಷಿನಲ್ಲೇ ಅಂದದ್ದು, ಮಗಳು ನನಗೆ ಹೇಳಿದಳು.

ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ನನ್ನ ಮುಂದೆಯೇ ಕೂತಿದ್ದ ಜಪಾನಿ ಮುದುಕಿ ಹಿಂದಕ್ಕೆ ಬಾಗಿ, ತುಂಬ ಮೆಲ್ಲಗೆ, "ಡಾಗ್ ಓಕೆ?" ಅಂದಳು. ಆ ಎರಡು ಮಾತು ನನಗೂ ಬರುತ್ತದೆ. "ಡಾಗ್ ಓಕೆ," ಅಂದೆ. ಅವಳು ಎದೆ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಟ್ಟಳು. ಮೈಸೂರಿನ ನಮ್ಮ ಬೀದಿಯವಳೇ ಅನ್ನಿಸಿತು.

ಅಣ್ಣ ತಮ್ಮನ ಬೆನ್ನು ಉಜ್ಜುವ ಹೊತ್ತಿಗೆ ಇಡೀ ಭಜನೆ ಗುಂಪು ಮೂಗು ಸೀಟುತ್ತಿತ್ತು. ನಮ್ಮ ಬೀಗಿತ್ತಿಯದು ಎಲ್ಲರಿಗಿಂತ ಜೋರು.

"ಎಲ್ಲಾ ಹೇಳಿದ್ರಿ, ಆದ್ರೂ ಅಳು ಬಂತಲ್ರಿ ಅಕ್ಕಾರ," ಅಂದಳು ಹೊರಗೆ ಬಂದ ಮೇಲೆ.

"ಅಳು ಬರಲ್ಲ ಅಂತ ನಾನೆಲ್ಲಿ ಹೇಳಿದೆ? ನಾಯಿ ಸಾಯಲ್ಲ ಅಂದೆ, ಅಷ್ಟೆ."

ವಾಪಸ್ ಬರುವಾಗ ಹಿಂದಿನ ಸೀಟಿನಲ್ಲಿ ನಾನು, ಮೊಮ್ಮಗಳು. ಕೋಡುಬಳೆ ಕಡಿಯುತ್ತ ಅವಳು ಫೋನ್ ನೋಡುತ್ತಿದ್ದಳು. ಆಮೇಲೆ ತಾನಾಗಿ ಸುದ್ದಿ ಓದತೊಡಗಿದಳು. ಜುಟ್ಟಿನ ಹುಡುಗನದು ಹೊಸ ಸಿನಿಮಾ ಬರುತ್ತಿದೆಯಂತೆ. ಯುದ್ಧಕ್ಕೆ ಹೋಗುವ ಸಿಪಾಯಿಯ ಕಥೆ. ಕ್ಲಬ್ಬಿಗೆ ಮೊದಲೇ ಕಳಿಸುತ್ತಾರಂತೆ.

"ಅಜ್ಜಿ, ಅದನ್ನ ನೀನು ಫಸ್ಟ್ ನೋಡು," ಅಂದಳು.

"ನಾನ್ಯಾಕೆ? ಕೆಳಗಿನ ಅಕ್ಷರ ಯಾರು ಓದಿ ಹೇಳ್ತಾರೆ?"

"ಅಕ್ಷರ ಬೇಡ." ಅವಳು ಫೋನನ್ನು ನನ್ನ ಕಡೆ ತಿರುಗಿಸಿದಳು. ಜುಟ್ಟಿನ ಹುಡುಗ ಒಂದು ಬಿಳಿ ಕುದುರೆಯ ಕತ್ತು ತಬ್ಬಿಕೊಂಡು ನಿಂತಿದ್ದ. "ಅದಕ್ಕೆ ಏನಾಗತ್ತೆ ಅಂತ ನೋಡು. ನನಗೆ ಮಾತ್ರ ಹೇಳು."