ಕೇಬಲ್ ಬಿಚ್ಚಿದ ಮಧ್ಯಾಹ್ನ

ಗಾಳಿ, ಕೊಳ್ಳಿದೆವ್ವ, ಮೈಮೇಲೆ ಬರುವುದು ಇಂಥ ಮಾತು ಶುರುವಾದರೆ ನಾನು ಎದ್ದು ಹೋಗುತ್ತಿದ್ದವನು. ಸುಮ್ಮನೆ ಹೋಗುತ್ತಲೂ ಇರಲಿಲ್ಲ, ಹೇಳುತ್ತಿದ್ದವರನ್ನು ಎರಡು ಮಾತು ಚುಚ್ಚಿ ಹೋಗುತ್ತಿದ್ದೆ. ಮದ್ದೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು ನಾನು. ಯಾವುದಕ್ಕೂ ಒಂದು ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೆ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಆದ್ದರಿಂದ ಈ ಸಂಗತಿಯನ್ನು ಬರೆಯಲು ನನಗೆ ಮುಜುಗರ. ನೀವು ನಂಬಬೇಕೆಂದು ಬರೆಯುತ್ತಿಲ್ಲ. ನಾನೇ ಪೂರ್ತಿ ನಂಬಿಲ್ಲ. ಆದರೆ ಒಳಗೇ ಇಟ್ಟುಕೊಂಡು ಸಾಕಾಗಿದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಬೆಂಗಳೂರಿಗೇ ಇನ್ನೂ ಟೀವಿ ಬಂದಿರಲಿಲ್ಲ, ನಮಗೆ ಹತ್ತಿರವೆಂದರೆ ಮದ್ರಾಸಿನಲ್ಲಿ ಶುರುವಾಗಿತ್ತು. ಚಿಕ್ಕರಸಿನಕೆರೆಯ ನನ್ನ ಗೆಳೆಯ ಪುಟ್ಟಸ್ವಾಮಿ ಗದ್ದೆ, ಕಬ್ಬು, ಸ್ವಂತ ಆಲೆಮನೆ ಎಲ್ಲ ಇದ್ದವನು. ಬೆಲ್ಲ ಕೊಳ್ಳುವ ಮಂಡಿಯವರಿಗೆ ಹೇಳಿ ಮದ್ರಾಸಿನಿಂದ ಒಂದು ಟೀವಿ ತರಿಸಿಯೇ ಬಿಟ್ಟ. ಅಷ್ಟು ದೂರದಿಂದ ಚಿತ್ರ ಬರುವುದು ಕಷ್ಟ ಎಂದು ನಾನು ಹೇಳಿದ್ದಕ್ಕೆ, "ನೀನಿದ್ದೀಯಲ್ಲ, ಬರುಸ್ಲಾ" ಎಂದ. ತಾರಸಿಯ ಮೇಲೆ ಉದ್ದನೆಯ ಸರ್ವೆ ಗಳ ನಿಲ್ಲಿಸಿ, ತುದಿಗೆ ಏರಿಯಲ್ ಕಟ್ಟಿ, ಪೂರ್ವಕ್ಕೆ ತಿರುಗಿಸಿ, ಕೇಬಲ್ ಇಳಿಸಿದವನು ನಾನೇ. ಆಕಾಶ ಅನುಕೂಲವಾಗಿದ್ದ ಸಂಜೆ ಒಮ್ಮೊಮ್ಮೆ ನೆರಳಿನಂಥ ತಲೆಯೊಂದು ಕಂಡು ಅಳಿಸಿಹೋಗುತ್ತಿತ್ತು. ಉಳಿದಂತೆ ಪರದೆಯ ತುಂಬ ಚುಕ್ಕೆ, ಜೋರು ಮಳೆಯಂಥ ಸದ್ದು.

ಊರವರ ಕುತೂಹಲ ಬೇಗ ತೀರಿತು. ಪುಟ್ಟಸ್ವಾಮಿಯದೂ ತೀರಿತು. ತೀರದಿದ್ದದ್ದು ಅವನ ತಾಯಿ ಕೆಂಪಮ್ಮನದು. ದಿನಾ ಸಂಜೆ ಆ ಚುಕ್ಕೆಗಳ ಮುಂದೆ ಮಣೆ ಹಾಕಿಕೊಂಡು ಕೂರುತ್ತಿದ್ದರು. ಒಂದು ದಿನ ಮಗ ಇಲ್ಲದ ಹೊತ್ತು ನೋಡಿ ನನ್ನನ್ನು ಕೇಳಿದರು: "ಇದ್ರಲ್ಲಿ ಮದ್ರಾಸು ಕಾಣ್ತದಂತಲ್ಲಾ ಮೇಷ್ಟ್ರೇ, ಬೀದೀಲಿ ಓಡಾಡೋ ಜನಾನೂ ಕಾಣ್ತಾರಾ?"

ನನಗೆ ಅರ್ಥವಾಯಿತು. ಅವರ ಮಗಳು ಜಯಮ್ಮ, ಮನೆಯಲ್ಲಿ ಜಯಿ, ಆಲೆಮನೆಯಿಂದ ಬೆಲ್ಲ ಒಯ್ಯುತ್ತಿದ್ದ ತಮಿಳಿನ ಲಾರಿ ಡ್ರೈವರನನ್ನು ಮದುವೆಯಾಗಿ ಮದ್ರಾಸು ಸೇರಿದ್ದಳು. ಅಂದಿನಿಂದ ಆ ಮನೆಯಲ್ಲಿ ಅವಳ ಹೆಸರೆತ್ತುವಂತಿರಲಿಲ್ಲ. ಪುಟ್ಟಸ್ವಾಮಿಯ ಕಟ್ಟಪ್ಪಣೆ. ನಾನು ಕ್ಯಾಮೆರಾ, ಸ್ಟುಡಿಯೋ ಎಂದು ಏನೇನೋ ವಿವರಿಸಿದೆ. ಕೆಂಪಮ್ಮ ಎಲ್ಲ ಕೇಳಿಸಿಕೊಂಡು, "ಆಗ್ಲಿ ಬುಡಿ, ಕುಂತಿದ್ರೆ ನಂಗೇನು ನಷ್ಟ" ಎಂದರು.

ಆ ವರ್ಷದ ಬೇಸಿಗೆಯಲ್ಲಿ ಗಾಳಿ ಮಳೆ ಹೊಡೆದ ಮೇಲೆ ಸಂಜೆಯ ಆ ನೆರಳೂ ನಿಂತುಹೋಯಿತು. ಹತ್ತಿ ನೋಡಿದರೆ, ಕೇಬಲ್ ಸಾಲದೆ ನಡುವೆ ನಾನು ಹಾಕಿದ್ದ ಜಾಯಿಂಟಿನ ಟೇಪು ಬಿಚ್ಚಿ ನೀರು ಇಳಿದು ತಾಮ್ರವೆಲ್ಲ ಹಸಿರಾಗಿತ್ತು. ಮೇಲಿನ ಸಿಪ್ಪೆಯನ್ನು ಅಳಿಲು ಬೇರೆ ಕಡಿದಿತ್ತು. ಅದನ್ನು ತೇಪೆ ಹಾಕುವುದಕ್ಕಿಂತ ಹೊಸದು ಎಳೆಯುವುದೇ ಸರಿ ಎಂದು ಬೆಂಗಳೂರಿನಿಂದ ಒಂದು ಸುರುಳಿ ತರಿಸಿ, ಭಾನುವಾರ ಬಸ್ಸು ಹತ್ತಿ ಹೋದೆ. ಪುಟ್ಟಸ್ವಾಮಿ ಆಲೆಮನೆಯಲ್ಲಿದ್ದ. ಮನೆಯಲ್ಲಿ ಕೆಂಪಮ್ಮ ಒಬ್ಬರೇ.

ಇಲ್ಲಿಂದ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಟೀವಿಯ ಬೆನ್ನಿನಿಂದ ಹಳೇ ಕೇಬಲ್ ಕಿತ್ತು, ಕಿಟಕಿಯಿಂದ ಹೊರಗೆ ಬಿಟ್ಟು, ತಾರಸಿಗೆ ಹೋಗಿ ಅಷ್ಟನ್ನೂ ಮೇಲಕ್ಕೆ ಎಳೆದುಕೊಂಡೆ. ಏರಿಯಲ್ಲಿನಿಂದಲೂ ಬಿಚ್ಚಿ ಮೊಣಕೈಗೆ ಸುತ್ತಿಕೊಂಡೆ. ಮಟಮಟ ಮಧ್ಯಾಹ್ನ. ಮದ್ರಾಸಿನವರು ಚಿತ್ರ ಬಿಡುತ್ತಿದ್ದುದೇ ಸಂಜೆಯ ಮೇಲೆ. ನಾನು ಹೊಸ ಕೇಬಲ್ಲಿನ ಸಿಪ್ಪೆಯನ್ನು ಬ್ಲೇಡಿನಿಂದ ಕೆರೆದು, ಒಳಗಿನ ತಂತಿಬಲೆ ನಡುವಿನ ತಾಮ್ರಕ್ಕೆ ತಗಲದಂತೆ ಹಿಂದಕ್ಕೆ ಮಡಿಸುತ್ತಿದ್ದೆ. ಕೆಳಗೆ ಟೀವಿಯ ಮಳೆಸದ್ದು ಶುರುವಾಯಿತು. ಕೆಂಪಮ್ಮ ಅಭ್ಯಾಸಕ್ಕೆ ಸ್ವಿಚ್ ಹಾಕಿರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಆ ಸದ್ದು ಕತ್ತರಿಸಿದ ಹಾಗೆ ನಿಂತಿತು. ಕರೆಂಟು ಹೋಯಿತೇ ಎನ್ನುವಷ್ಟರಲ್ಲಿ ಕೆಂಪಮ್ಮನ ಕೂಗು.

"ಜಯೀ! ಅಯ್ಯೋ, ಜಯಿ ಕಣಪ್ಪಾ! ಬನ್ನಿ ಮೇಷ್ಟ್ರೇ!"

ಕೈಗೆ ಸುತ್ತಿದ್ದ ಹಳೇ ಕೇಬಲ್ ಸಮೇತ ಇಳಿದು ಓಡಿದೆ. ಕೆಂಪಮ್ಮ ಟೀವಿಯ ಗಾಜಿನ ಮೇಲೆ ಅಂಗೈ ಊರಿ ನಿಂತಿದ್ದರು. ಪರದೆಯ ಮೇಲೆ ಒಂದು ಚುಕ್ಕೆ ಇರಲಿಲ್ಲ. ಅಷ್ಟು ತಿಳಿಯಾದ ಚಿತ್ರ ಆ ಪೆಟ್ಟಿಗೆಯಲ್ಲಿ ಅದಕ್ಕೆ ಮುಂಚೆ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಉದ್ದನೆಯ ಕೋಣೆ, ಸಾಲಾಗಿ ಕಬ್ಬಿಣದ ಮಂಚಗಳು. ಒಂದು ಮಂಚದ ಮೇಲೆ ಹೆಂಗಸೊಬ್ಬಳು ಎದ್ದು ಕೂತಿದ್ದಳು. ತಲೆಗೂದಲು ಬುಡಕ್ಕೆ ಕತ್ತರಿಸಿತ್ತು. ನಮ್ಮ ಕಡೆಗೇ ನೋಡುತ್ತ ಏನೋ ಹೇಳುತ್ತಿದ್ದಳು. ತುಟಿ ಆಡುತ್ತಿತ್ತು, ಸದ್ದಿಲ್ಲ. ನಾನು ಬಗ್ಗಿ ಟೀವಿಯ ಹಿಂದೆ ನೋಡಿದೆ. ಕೇಬಲ್ ಸಿಕ್ಕಿಸುವ ತೂತು ಖಾಲಿ. ಮತ್ತೆ ಮುಂದೆ ಬಂದಾಗಲೂ ಅವಳು ಅಲ್ಲೇ ಇದ್ದಳು. ಆಮೇಲೆ ಚುಕ್ಕೆಗಳು ಬಂದು ಎಲ್ಲ ಮುಚ್ಚಿಹೋಯಿತು.

"ತಲೆ ಬೋಳುಸವ್ರೆ ಮೇಷ್ಟ್ರೇ. ನನ್ ಮಗ್ಳಿಗೆ ಏನೋ ಆಗೋಗದೆ" ಎಂದು ಕೆಂಪಮ್ಮ ನೆಲಕ್ಕೆ ಕುಸಿದರು.

ಸುದ್ದಿ ಮುಟ್ಟಿ ಪುಟ್ಟಸ್ವಾಮಿ ಆಲೆಮನೆಯಿಂದ ಬಂದವನು ತಾಯಿಯ ಮಾತು ಕೇಳಿ ರೇಗಿದ. "ಅವ್ವಂಗೆ ಕಣ್ಣು ಮಂಜು. ನೀನು ಓದ್ದೋನು. ನೀನೇನ್ ಕಂಡೆ ಅದನ್ನೇಳ್ಲಾ" ಎಂದು ನನ್ನ ಕಡೆ ತಿರುಗಿದ. ಏನೂ ಇಲ್ಲ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆ ಮುಖ ಜಯಿಯದೇ ಎಂದು ನಾನು ಪ್ರಮಾಣ ಮಾಡಲಾರೆ ಎಂದೆ. ಆದರೆ ಕಂಡದ್ದನ್ನು ಅಷ್ಟನ್ನೂ ಹೇಳಿದೆ. ಅವನು ಖಾಲಿ ತೂತನ್ನು ತಾನೇ ಬೆರಳಿಟ್ಟು ನೋಡಿದ. ನನ್ನ ಕೈಲಿದ್ದ ಕೇಬಲ್ ನೋಡಿದ.

"ಮದ್ರಾಸಿಗೆ ನೀ ಓಗ್ದಿದ್ರೆ ಬುಡು, ನಾನೇ ನಡ್ಕೊಂಡ್ ಓಯ್ತೀನಿ" ಎಂದರು ಕೆಂಪಮ್ಮ.

ಮಾರನೇ ದಿನ ಪುಟ್ಟಸ್ವಾಮಿಯನ್ನು ರೈಲು ಹತ್ತಿಸಲು ಮದ್ದೂರು ಸ್ಟೇಷನ್ನಿಗೆ ಹೋದೆ. ಅಷ್ಟು ದೊಡ್ಡ ಊರಿನಲ್ಲಿ ಎಲ್ಲಿ ಅಂತ ಹುಡುಕುತ್ತೀಯ ಎಂದು ಕೇಳಿದ್ದಕ್ಕೆ ಹಳಿಗಳ ಕಡೆ ನೋಡುತ್ತ ಹೇಳಿದ: "ಅವ್ಳ ಮನೆ ನಂಗೊತ್ತು ಕಣ್ಲಾ. ಮೊದ್ಲಿಂದ್ಲೂ ಗೊತ್ತು."

ಜಯಿ ಸಿಕ್ಕಿದ್ದು ಮನೆಯಲ್ಲಲ್ಲ, ಅಲ್ಲಿನ ಒಂದು ಆಸ್ಪತ್ರೆಯಲ್ಲಿ. ವಿಷಮಶೀತ ಜ್ವರ. ಜಡೆಗಟ್ಟಿದ ಕೂದಲನ್ನೆಲ್ಲ ಕತ್ತರಿಸಿ ಹಾಕಿದ್ದರು. ಗಂಡ ಕೆಲಸ ಬಿಟ್ಟು ಮಂಚದ ಪಕ್ಕ ಕೂತಿದ್ದನಂತೆ. ಪುಟ್ಟಸ್ವಾಮಿ ಅಲ್ಲೇ ಉಳಿದು, ಜ್ವರ ಇಳಿದ ಮೇಲೆ ಇಬ್ಬರನ್ನೂ ಊರಿಗೆ ಕರೆತಂದ. ಕೆಂಪಮ್ಮ ಟೀವಿಯ ಮುಂದೆ ಕೂರುವುದನ್ನು ಬಿಟ್ಟರು. ಹೊಸ ಕೇಬಲ್ ತಾರಸಿಯ ಮೇಲೇ ಬಿಸಿಲಿಗೆ ಸೀಳಿತು. ನನಗೂ ಅದನ್ನು ಮುಟ್ಟುವ ಮನಸ್ಸಾಗಲಿಲ್ಲ.

ಶಾಂತಿ ಕಳೆದುಕೊಂಡವನು ನಾನು. ಬೆಂಗಳೂರಿನ ಇಂಜಿನಿಯರ್ ಸ್ನೇಹಿತನನ್ನು ಕೇಳಿದೆ. ಬೇಸಿಗೆಯಲ್ಲಿ ಎಲ್ಲೆಲ್ಲಿನದೋ ಸ್ಟೇಷನ್ ಸಿಗುವುದುಂಟು, ಟೀವಿಯೊಳಗಿನ ತಂತಿಯೇ ಏರಿಯಲ್ ಆಗಿ ಹಿಡಿದಿರಬಹುದು, ಯಾವುದೋ ದೇಶದ ನಾಟಕ ನೋಡಿದ್ದೀರಿ ಎಂದ. ಹಾಗಾದರೆ ಕೆಂಪಮ್ಮ ಕೂಗಿದ್ದರಿಂದ ನನಗೂ ಹಾಗೇ ಕಂಡಿರಬೇಕು, ಕೂದಲಿನದು ಕಾಕತಾಳೀಯ ಎಂದುಕೊಂಡೆ. ಒಪ್ಪಬಹುದಾದ ಮಾತು. ಒಪ್ಪಿಕೊಂಡು ಸುಮ್ಮನಾಗುವುದರಲ್ಲಿದ್ದೆ.

ಒಂದು ಸಂಜೆ ಜಯಿಯನ್ನು ಮಾತಾಡಿಸಲು ಹೋದೆ. ಜಗಲಿಯ ಮೇಲೆ ಕೂತಿದ್ದಳು. ತಲೆಯಲ್ಲಿ ಮೋಟು ಕೂದಲು ಆಗಷ್ಟೇ ಮೊಳೆಯುತ್ತಿತ್ತು. ಟೀವಿಯ ವಿಷಯ ಅವಳ ಕಿವಿಗೆ ಹಾಕಬಾರದೆಂದು ಪುಟ್ಟಸ್ವಾಮಿ ತಾಯಿಗೆ ಹೇಳಿದ್ದ. ತಾನು ಬಾಯಿ ಬಿಟ್ಟಿಲ್ಲವೆಂದು ಕೆಂಪಮ್ಮ ಆಮೇಲೆ ನನ್ನ ಮುಂದೆ ಆಣೆ ಮಾಡಿದರು. ಆರೋಗ್ಯ, ಊಟ ಎಂದು ಒಂದೆರಡು ಮಾತಾದ ಮೇಲೆ ಜಯಿ ನನ್ನನ್ನೇ ನೋಡುತ್ತ, ಸ್ವಲ್ಪ ಮುನಿಸಿನಲ್ಲೇ ಕೇಳಿದಳು:

"ಅವತ್ತು ಆಸ್ಪತ್ರೆ ಬಾಗ್ಲಲ್ಲಿ ಅವ್ವನ ಜೊತೆ ನಿಂತಿದ್ರಲ್ಲಾ ಮೇಷ್ಟ್ರೇ, ಕೈಗೆ ಎಂಥದೋ ಕರೀ ಹಗ್ಗ ಸುತ್ಕೊಂಡು. ನಾನು ಅಷ್ಟೊಂದು ಕರುದ್ರೂವೆ ಇಬ್ರೂ ಯಾಕೆ ಒಳೀಕೆ ಬರ್ನಿಲ್ಲ?"

ಅಲ್ಲಿಯವರೆಗೆ ನಾನು ಮದ್ರಾಸನ್ನು ಕಂಡವನೇ ಅಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದುಬಿಟ್ಟೆ. ಆಮೇಲೂ ಎಷ್ಟೋ ಸಲ ಆ ಮನೆಗೆ ಹೋಗಿದ್ದೇನೆ. ಅವಳು ಮತ್ತೆ ಕೇಳಲಿಲ್ಲ.